ಹಳೇ ಫಿಯಾಟ್‌ಗೆ ಒಗ್ಗದ ಪೆಟ್ರೋಲು

ಮಾನ್ಯ ಸಂಪಾದಕರೇ,

ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತನಾದವನು ನಾನು. ಭಾವನವರ ಹಿತ್ತಿಲಲ್ಲಿ ತೆಂಗಿನ ಗರಿಯಡಿ ವರ್ಷಗಟ್ಟಲೆ ಬಿದ್ದಿದ್ದ 1984ರ ಪ್ರೀಮಿಯರ್ ಪದ್ಮಿನಿಯನ್ನು ತಂದು, ಮೂರು ವರ್ಷ ಅದರ ಹಿಂದೆ ಬಿದ್ದು ಓಡುವ ಹಾಗೆ ಮಾಡಿದ್ದೇನೆ. (ಹೆಸರು ಪದ್ಮಿನಿಯಾದರೂ ನಮ್ಮ ಬೀದಿಗೆಲ್ಲ ಅದು ಫಿಯಾಟೇ.) ತುಕ್ಕು ತಿಂದ ತಳದಲ್ಲಿ ರಸ್ತೆ ಕಾಣುತ್ತಿತ್ತು, ಕಲಾಸಿಪಾಳ್ಯದ ಟಿಂಕರ್ ಒಬ್ಬರು ಹೊಸ ತಗಡು ವೆಲ್ಡ್ ಮಾಡಿಕೊಟ್ಟರು. ಸಿಗದ ಬುಷ್‌ಗಳನ್ನು ನಾನೇ ಲೇತ್‌ನಲ್ಲಿ ಕಡೆದೆ. ಮಿಕ್ಕ ಬಿಡಿಭಾಗಗಳಿಗೆಲ್ಲ ಜೆ.ಸಿ. ರಸ್ತೆಯ ಅಂಗಡಿಗಳು. 2022ರಲ್ಲಿ ಹಳೇ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತಲ್ಲ, ಗೊಣಗುತ್ತಲೇ ಅದನ್ನೂ ಕಟ್ಟಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿದೆ.

ಹೋದ ತಿಂಗಳು ಒಂದು ಭಾನುವಾರ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಹತ್ತಿರ ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಮನೆಗೆ ತಳ್ಳಿಸಿಕೊಂಡು ಬಂದು ಬಿಚ್ಚಿದರೆ ಪೆಟ್ರೋಲ್ ಪೈಪು ನೆನೆದ ಹಪ್ಪಳದಂತೆ ಮೆತ್ತಗಾಗಿತ್ತು, ಮುಟ್ಟಿದ ಬೆರಳೆಲ್ಲ ಕಪ್ಪು. ಪಂಪಿನೊಳಗಿನ ಪೊರೆ (ಡಯಾಫ್ರಾಂ) ಉಬ್ಬಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರಿನ ಬಟ್ಟಲ ತಳದಲ್ಲಿ ವಿಭೂತಿ ಹಾಗೆ ಬಿಳಿ ಪುಡಿ.

ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ (ಕಬ್ಬು ಮುಂತಾದವುಗಳಿಂದ ತೆಗೆಯುವ ಮದ್ಯಸಾರ) ಬೆರೆತ ಪೆಟ್ರೋಲು. ಎಥನಾಲ್ ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ದಿನಾ ಓಡುವ ಗಾಡಿಯಲ್ಲಿ ಅದು ಗೊತ್ತಾಗುವ ಮೊದಲೇ ಉರಿದುಹೋಗುತ್ತದೆ. ನಮ್ಮಂಥವರ ಭಾನುವಾರದ ಕಾರಿನಲ್ಲಿ ನೀರು ಸೇರಿ ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. 2023ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳ ರಬ್ಬರು, ಪೈಪುಗಳೇ ಇದನ್ನು ತಡೆಯುವಂಥವು. 1089 ಸಿಸಿಯ ನನ್ನ ಕಾರ್ಬೋರೇಟರ್ ಇಂಜಿನ್ನಿಗೆ ಆ ಯೋಗವೆಲ್ಲಿ? ಎಥನಾಲ್ ಹೆಚ್ಚಾದರೆ ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್ಟನ್ನೂ ದೊಡ್ಡದು ಮಾಡಬೇಕು, ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಏರಿನಲ್ಲಿ ತಿಣುಕುತ್ತದೆ.

ಎಥನಾಲ್ ಬೇಡವೆಂದು ನಾನು ಹೇಳುತ್ತಿಲ್ಲ. ಮದ್ದೂರಿನ ಹತ್ತಿರ ನಮ್ಮಣ್ಣ ಕಬ್ಬು ಬೆಳೆಯುತ್ತಾನೆ. ಇದರ ವಿರುದ್ಧ ಕಾಗದ ಬರೆದೆನೆಂದು ಗೊತ್ತಾದರೆ ಹಬ್ಬಕ್ಕೆ ಊರಿಗೆ ಹೋದಾಗ ಮಾತಾಡಿಸುವುದೂ ಇಲ್ಲ. ಆದರೆ ನನ್ನ ಕಾರು ಇನ್ನೂ ರಸ್ತೆಗೆ ಯೋಗ್ಯ ಎಂದು ಸರ್ಕಾರವೇ ದುಡ್ಡು ಕಟ್ಟಿಸಿಕೊಂಡು ಬರೆದುಕೊಟ್ಟಿದೆ. ಹಾಗಾದ ಮೇಲೆ ಅದಕ್ಕೆ ಒಗ್ಗುವ ಪೆಟ್ರೋಲೂ ಎಲ್ಲೋ ಒಂದು ಕಡೆ ಸಿಗಬೇಕಲ್ಲ! ಎಥನಾಲ್ ಇಲ್ಲದ 100 ಆಕ್ಟೇನ್ (ಇಂಜಿನ್ ಬಡಿತ ತಡೆಯುವ ಶಕ್ತಿಯ ಅಳತೆ) ಪೆಟ್ರೋಲು ಕೆಲವು ಬಂಕ್‌ಗಳಲ್ಲಿದೆ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಈ ಹಳೇ ಇಂಜಿನ್ನಿಗೆ ಅಷ್ಟು ಆಕ್ಟೇನ್ ಯಾತಕ್ಕೂ ಬೇಡ.

ಬೆಂಗಳೂರಿನ ನಾಲ್ಕು ದಿಕ್ಕಿಗೆ ಒಂದೊಂದು ಬಂಕ್‌ನಲ್ಲಾದರೂ ಎಥನಾಲ್ ಬೆರೆಸದ ಸಾಮಾನ್ಯ ಪೆಟ್ರೋಲು ಮಾರಲಿ, ನಾಲ್ಕೈದು ರೂಪಾಯಿ ಹೆಚ್ಚಾದರೂ ಕೊಡುತ್ತೇವೆ. ಮಿಕ್ಕ ಬಂಕ್‌ಗಳಲ್ಲಿ ಎಥನಾಲ್ ಶೇಕಡಾ ಎಷ್ಟಿದೆ ಎಂದು ಮೆಷಿನ್ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಲಿ.

– ನಿವೃತ್ತ ಟರ್ನರ್, ಶ್ರೀನಗರ, ಬೆಂಗಳೂರು