ಆ ಟ್ರಂಕನ್ನು ಹಾಗೇ ಇಡು, ಮಹೇಶ

ಪ್ರೀತಿಯ ಮಹೇಶ,

ಅಜ್ಜನ ಕಾಲದ ಹೊಲದ ಕಾಗದಗಳನ್ನೆಲ್ಲ ರದ್ದಿಗೆ ಹಾಕುತ್ತೇನೆ, ಆ ಅಕ್ಷರ ಓದುವವರೇ ಮನೆಯಲ್ಲಿಲ್ಲ ಅಂದೆಯಲ್ಲ. ಫೋನಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದರೆ ಸಿರಾಯಾ ಜನರದೇ ನೆನಪು.

ಅವರು ತೈವಾನಿನ ನೈಋತ್ಯದ, ಈಗಿನ ತೈನಾನ್ ಸುತ್ತಲಿನ ಬಯಲಿನವರು. 1624ರಲ್ಲಿ ಡಚ್ ಕಂಪನಿ ಅಲ್ಲಿ ಬೇರೂರಿತು. ಬೆನ್ನಿಗೇ ಬಂದ ಪಾದ್ರಿಗಳು ಅವರ ನುಡಿಗೆ ರೋಮನ್ ಅಕ್ಷರ ಕೂಡಿಸಿದರು. ಅವರಲ್ಲೊಬ್ಬರಾದ ಡೇನಿಯಲ್ ಗ್ರೇವಿಯಸ್ ಬೈಬಲ್ಲಿನ ಮತ್ತಾಯನ ಸುವಾರ್ತೆಯನ್ನು ಸಿರಾಯಾದಲ್ಲಿ ಬರೆದರು. 1661ರಲ್ಲಿ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮರುವರ್ಷವೇ ಡಚ್ಚರು ಸೋತು ಗಂಟುಮೂಟೆ ಕಟ್ಟಿದರು.

ಕಲಿಸಿದವರು ಹೋದರೂ ಅಕ್ಷರ ಹೋಗಲಿಲ್ಲ ನೋಡು. ಹೆಬ್ಬಾತಿನ ಗರಿಯನ್ನು ಮಸಿಗೆ ಅದ್ದಿ, ಎಡದಿಂದ ಬಲಕ್ಕೆ, ಇನ್ನೂ ನೂರೈವತ್ತು ವರ್ಷ ಬರೆದರು. ಏನು ಬರೆದರು ಗೊತ್ತೇ? ಹೊಲ ಅಡವಿಟ್ಟ ಪತ್ರ, ಹೊಲ ಮಾರಿದ ಪತ್ರ. ಕೆಲವದರಲ್ಲಿ ಪಕ್ಕದಲ್ಲೇ ಚೀನೀ ಒಕ್ಕಣೆ. ನೆಲ ಕೈಬಿಟ್ಟು ಹೋದದ್ದನ್ನು ತಮ್ಮ ನುಡಿಯಲ್ಲೇ ಬರೆದಿಟ್ಟರಲ್ಲ ಅಂತ ನನಗೆ ಗಂಟಲು ಕಟ್ಟುತ್ತದೆ. ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ಮನೆಯೊಳಗೂ ಆ ಮಾತು ನಿಂತುಹೋಯಿತು.

ಮುಂದಿನದು ಕೇಳು. ಸಿರಾಯಾ ಮನೆತನದ ಉಮಾ ತಲವಾನ್ ಅವರನ್ನು ಮದುವೆಯಾದ ಎಡ್ಗರ್ ಮಕಪಿಲಿ ಫಿಲಿಪ್ಪೀನ್ಸಿನವರು, ಮನೆಮಾತು ಬಿಸಾಯ. ಗ್ರೇವಿಯಸ್ ಪುಸ್ತಕ ಬಿಡಿಸಿ ನೋಡಿದರೆ ಪರಿಚಯದ ಪದಗಳು! ಕಣ್ಣಿಗೆ ಎರಡರಲ್ಲೂ ‘ಮತ’. ಏಳಕ್ಕೆ ಸಿರಾಯಾದಲ್ಲಿ ‘ಪಿತು’, ಬಿಸಾಯದಲ್ಲಿ ‘ಪಿತೊ’. ಎರಡೂ ಆಸ್ಟ್ರೋನೇಷ್ಯನ್ ಎಂಬ ಒಂದೇ ಭಾಷಾಕುಟುಂಬದ ಬಳ್ಳಿಯ ಕಾಯಿಗಳೇ ತಾನೆ. ಮನೆಯವರೆಲ್ಲ ಮರೆತ ನುಡಿಯನ್ನು ಸಮುದ್ರದಾಚೆಯ ಅಳಿಯ ಗುರುತು ಹಿಡಿದರು. ಸುವಾರ್ತೆಯಿಂದ ಒಂದೊಂದೇ ಪದ ಹೆಕ್ಕಿ 2008ರಲ್ಲಿ ಪದಕೋಶ ತಂದರು. ಆಮೇಲೆ ಸ್ಯಾಂಡರ್ ಅಡೆಲಾರ್ ಎಂಬ ಭಾಷಾವಿಜ್ಞಾನಿ ಅದೇ ಸುವಾರ್ತೆಯ ವಾಕ್ಯಗಳನ್ನು ಬಿಡಿಸಿ ವ್ಯಾಕರಣ ಕಟ್ಟಿದರು.

ಸುವಾರ್ತೆಯಲ್ಲಿ ಅಡುಗೆಮನೆಯ ಜಗಳವಾಗಲಿ, ಮಗುವನ್ನು ಮುದ್ದಿಸುವ ಮಾತಾಗಲಿ ಎಷ್ಟು ಸಿಕ್ಕೀತು? ಆ ನಷ್ಟ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೂ ಇವತ್ತು ತೈನಾನಿನ ಕೆಲವು ಶಾಲೆಗಳಲ್ಲಿ ಮಕ್ಕಳು ಸಿರಾಯಾ ಕಲಿಯುತ್ತಿದ್ದಾರೆ. ಎದುರಾದವರಿಗೆ ‘ತಬೆ’ ಅನ್ನುತ್ತಾರೆ, ನಾವು ನಮಸ್ಕಾರ ಅಂದ ಹಾಗೆ. 2022ರಲ್ಲಿ ತೈವಾನಿನ ಸಂವಿಧಾನ ನ್ಯಾಯಾಲಯವೂ ಇವರ ಮೂಲನಿವಾಸಿ ಗುರುತಿನ ಪರವಾಗಿ ತೀರ್ಪು ಕೊಟ್ಟಿತು.

ಶ್ರಾವಣಕ್ಕೆ ಊರಿಗೆ ಬರುತ್ತೇನೆ. ಅಲ್ಲಿಯವರೆಗೆ ಟ್ರಂಕಿಗೆ ಗೆದ್ದಲು ಹತ್ತದ ಹಾಗೆ ನೋಡಿಕೋ. ಆ ಕಾಗದಗಳ ಮೋಡಿ ಲಿಪಿ ಓದುವವರೊಬ್ಬರು ನನಗೆ ಪರಿಚಯ, ಅವರನ್ನೂ ಕರೆತರುತ್ತೇನೆ.

ನಿನ್ನ,
ಶ್ರೀಧರ