ಗೋ ಲೀಗ್ ತರಬೇತಿಯಲ್ಲಿ ಗುರುಗಳ ಬದಲು ಗ್ರಾಫ್ ಕೊಟ್ಟಿದ್ದರ ಬಗ್ಗೆ ದೂರು

ಮೈಸೂರು
6 ಡಿಸೆಂಬರ್ 2025

ಗೆ,
ದೂರು ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಗೋ ತರಬೇತಿ ವಿಭಾಗ, ಬೆಂಗಳೂರು

ಮಾನ್ಯರೇ,

ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. "ಬರವಣಿಗೆಯಲ್ಲಿ ಕೊಡಿ ಸಾರ್" ಅಂದರು. ಕೊಡುತ್ತಿದ್ದೇನೆ.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಗೋ (ಕಪ್ಪು-ಬಿಳಿ ಕಾಯಿಗಳಿಂದ ಹಲಗೆಯ ಮೇಲೆ ಜಾಗ ಸುತ್ತುವರಿಯುವ ಆಟ) ಲೀಗ್ ತರಬೇತಿಗೆ ತಿಂಗಳಿಗೆ 3,500ರಂತೆ 10,500 ರೂಪಾಯಿ ಒಟ್ಟಿಗೇ ಕಟ್ಟಿದ್ದೆ. ಜಪಾನಿನಲ್ಲಿ ವೃತ್ತಿಪರರಾಗಲು ಹೊರಟ ಇನ್ಸೇ ಮಕ್ಕಳು ಆಡುವಂಥದ್ದೇ ಲೀಗ್ ಎಂದು ನಿಮ್ಮ ಜಾಹೀರಾತು: ಸಮಬಲದ ಎಂಟು ಜನರ ಗುಂಪು, ತಿಂಗಳಿಗೆ ಏಳು ಆಟ, ಗೆದ್ದವರು ಮೇಲಿನ ಗುಂಪಿಗೆ, ಸೋತವರು ಕೆಳಕ್ಕೆ, ಪ್ರತಿ ಆಟಕ್ಕೂ ದಾನ್ (ಪರಿಣತರ) ದರ್ಜೆಯ ಗುರುಗಳಿಂದ ವಿಮರ್ಶೆ. ನಾನು 6 ಕ್ಯೂ, ಅಂದರೆ ದಾನ್ ದರ್ಜೆಗಿಂತ ಆರು ಮೆಟ್ಟಿಲು ಕೆಳಗೆ. ನಲವತ್ತೇಳರಲ್ಲಿ ವೃತ್ತಿಪರನಾಗುವ ಭ್ರಮೆಯೇನಿಲ್ಲ (ಹಲಗೆ ಕಂಡರೆ ನಮ್ಮಪ್ಪ ಇವತ್ತಿಗೂ "ಹುಲಿ-ಕುರಿ ಆಟವೇನೋ?" ಅನ್ನುತ್ತಾರೆ). ದುಡ್ಡು ಕಟ್ಟಿದ್ದು ಆ ವಿಮರ್ಶೆಗಾಗಿ.

ಮೊದಲ ತಿಂಗಳು ಅದು ಸಿಕ್ಕಿತು, ಸುಳ್ಳು ಹೇಳುವುದಿಲ್ಲ. "ಜೋಸೆಕಿ (ಮೂಲೆಯಲ್ಲಿ ಆಡುವ ರೂಢಿಯ ನಡೆಗಳು) ಸರಿಯಾಗೇ ಆಡಿದ್ದೀರಿ, ಆದರೆ ನಿಮ್ಮ ಕಾಯಿಗಳ ಗೋಡೆ ಯಾವ ಕಡೆ ಮುಖ ಮಾಡಿದೆ ನೋಡಿ" ಎಂದು ಗುರುಗಳು ಹೇಳಿದ ಒಂದು ಮಾತನ್ನು ವಾರವಿಡೀ ಮೆಲುಕು ಹಾಕಿದ್ದೆ.

ಅಕ್ಟೋಬರ್‌ನಿಂದ ಬಂದದ್ದು ಬರೀ ಗ್ರಾಫ್, ಪ್ರತಿ ನಡೆಗೂ ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಎಂದು ಕಂಪ್ಯೂಟರ್ ಲೆಕ್ಕ ಹಾಕಿದ್ದು. ಎರಡನೇ ಆಟದ 87ನೇ ನಡೆಗೆ ಬರೆದಿದ್ದು ಇಷ್ಟೇ: "ಶೇ 58ರಿಂದ ಶೇ 23ಕ್ಕೆ ಕುಸಿತ. ಎಐ ಆಯ್ಕೆ ಮೇಲಿನ ಬಲಮೂಲೆ." ಯಾಕೆ? ಎಡಬದಿಯ ನನ್ನ ಹನ್ನೊಂದು ಕಾಯಿ ಬದುಕಿದ್ದವೋ, ಸತ್ತಿದ್ದವೋ? ಕೇಳಿದೆ, ಉತ್ತರವಿಲ್ಲ. ಕೊನೆಗೆ ಬಿಡಿಸಿ ಹೇಳಿದವರು ನನ್ನನ್ನು ಸೋಲಿಸಿದ ಎದುರಾಳಿಯೇ. ಆ ಕಾಯಿಗಳ ಗುಂಪಿಗೆ ಒಂದು ಕಣ್ಣು (ಸುತ್ತ ನಮ್ಮದೇ ಕಾಯಿಯಿರುವ ಖಾಲಿ ಜಾಗ, ಎರಡಿದ್ದರೆ ಗುಂಪು ಸಾಯದು) ಖಾತ್ರಿಯಾಗಿತ್ತು; ಎರಡನೆಯದಕ್ಕೆ ಎರಡು ಜಾಗವಿದ್ದವು, ಅವರು ಒಂದನ್ನು ಕೆಡಿಸಿದರೆ ನಾನು ಇನ್ನೊಂದನ್ನು ಹಿಡಿಯಬಹುದಿತ್ತು. ಬದುಕಿದ್ದ ಗುಂಪನ್ನೇ ಬದುಕಿಸಲು ಹೋಗಿ ಸೆಂಟೆ (ಆಟದ ಹಿಡಿತ) ಬಿಟ್ಟುಕೊಟ್ಟಿದ್ದೆ. ಅರ್ಧ ಗಂಟೆ ಚಾಟ್‌ನಲ್ಲಿ ಕೂತು ಹೇಳಿಕೊಟ್ಟರು, ಪುಕ್ಕಟೆ.

ನೀವು ಕಳಿಸಿದ ಗ್ರಾಫ್ ಕಾಟಾಗೋದ್ದು. ಅದು ಗೋ ಆಡುವ ಮುಕ್ತ ತಂತ್ರಾಂಶ, ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ. 2016ರಲ್ಲಿ ಕೊರಿಯಾದ ವೃತ್ತಿಪರ ಆಟಗಾರ ಲೀ ಸೆಡೋಲ್ ಎದುರಿನ ಎರಡನೇ ಆಟದಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ತಂತ್ರಾಂಶ 37ನೇ ನಡೆ ಇಟ್ಟಾಗ ವೀಕ್ಷಕ ವಿವರಣೆ ಕೊಡುತ್ತಿದ್ದವರೇ ತಬ್ಬಿಬ್ಬಾದರು. ಯಂತ್ರ ನಡೆ ಇಟ್ಟಿತು, ಅದರ ಅರ್ಥವನ್ನು ಆಮೇಲೆ ಬಿಡಿಸಬೇಕಾದವರು ಮನುಷ್ಯರೇ. ಆ ಪಂದ್ಯದ ಫೋಟೋ ನಿಮ್ಮ ಜಾಹೀರಾತಿನಲ್ಲೇ ಇದೆಯಲ್ಲ!

ಇನ್ನೊಂದು. ಲೀಗ್ ಆಟಗಳು ಜರ್ಮನಿಯ ರಾತ್ರಿ 8ಕ್ಕೆ, ಅಂದರೆ ನಮಗೆ 11.30ಕ್ಕೆ. ಅಕ್ಟೋಬರ್ 26ರಂದು ಯೂರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು, ನಮ್ಮ ಪಾಲಿಗೆ ಆಟ 12.30ಕ್ಕೆ ಜಾರಿತು. ನಿಮ್ಮ ವೇಳಾಪಟ್ಟಿ ಮಾತ್ರ 11.30 ಎಂದೇ ತೋರಿಸುತ್ತಿತ್ತು. 28 ಮತ್ತು 30ರಂದು ಎದುರಾಳಿಯ ದಾರಿ ಕಾದು, 12ಕ್ಕೆ ಮಲಗಿದೆ. ಬೆಳಗ್ಗೆ ನೋಡಿದರೆ ಎರಡೂ ಆಟಕ್ಕೆ ಗೈರುಹಾಜರಿ ಸೋಲು. ಆಡಿದ ಐದರಲ್ಲಿ ಮೂರು ಗೆದ್ದವನು 'ಸಿ'ಯಿಂದ 'ಡಿ' ಗುಂಪಿಗೆ ಬಿದ್ದೆ. "ಸಮಯ ನೋಡಿಕೊಳ್ಳುವುದು ಆಟಗಾರರ ಜವಾಬ್ದಾರಿ" ಎಂಬ ಸಹಾಯವಾಣಿಯ ಉತ್ತರ ಕೇಳಿದ ಮೇಲೆ ಈ ಪತ್ರಕ್ಕೆ ಕೂತೆ.

ಅಕ್ಟೋಬರ್, ನವೆಂಬರ್ ಎರಡು ತಿಂಗಳ 7,000 ರೂಪಾಯಿ ಹಿಂದಿರುಗಿಸಿ. ಆ ಎರಡು ಸೋಲುಗಳನ್ನು ದಾಖಲೆಯಿಂದ ತೆಗೆಯಿರಿ. ಹಣ ಕೊಡಲು ಮನಸ್ಸಿಲ್ಲದಿದ್ದರೆ ಆ ತಿಂಗಳುಗಳ ಆಟಗಳಿಗೆಲ್ಲ ಗುರುಗಳೇ ಕೂತು ವಿಮರ್ಶೆ ಮಾಡಲಿ, ಅದಕ್ಕೂ ಒಪ್ಪುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಅದೇ ಬೇಕು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ರಸೀದಿ, ವೇಳಾಪಟ್ಟಿಯ ಸ್ಕ್ರೀನ್‌ಶಾಟ್ ಮತ್ತು 87ನೇ ನಡೆಯ ಆಟದ ಫೈಲ್ ಲಗತ್ತಿಸಿದ್ದೇನೆ.

ಇತಿ,
ಸದ್ಯಕ್ಕೆ 'ಡಿ' ಗುಂಪಿನ ವಿದ್ಯಾರ್ಥಿ