ಡಬಲ್ ಬೀನ್ಸ್ ಹೊಲದ ಮೇಲೆ ನಮ್ಮ ಮನೆ

ಕಳೆದ ಸಂಚಿಕೆಯಲ್ಲಿ ನಾನು, ನಾವಿರುವ ಕ್ಯಾಲಿಫೋರ್ನಿಯಾದ ಅರ್ವೈನ್ ಊರಿನ ಬಗ್ಗೆ, ಒಂದು ಸಾಲು ಬರೆದಿದ್ದೆ: "ನಮ್ಮ ಅರ್ವೈನ್‌ಗೆ ಹೇಳಿಕೊಳ್ಳುವಂಥ ಚರಿತ್ರೆ ಏನೂ ಇಲ್ಲ, ಎಲ್ಲ ನಿನ್ನೆ ಮೊನ್ನೆ ಕಟ್ಟಿದ್ದು." ಸುದ್ದಿಪತ್ರ ನಿಮ್ಮ ಕೈ ಸೇರಿದ ಮರುದಿನವೇ ನಮ್ಮ ಸಂಘದ ಹಿರಿಯರೊಬ್ಬರ ಫೋನ್ ಬಂತು. "ಏನಮ್ಮಾ, ಚರಿತ್ರೆ ಇಲ್ಲ ಅಂದ್ಬಿಟ್ಯಲ್ಲ! ನಿನ್ನ ಮನೆ ಇರೋ ಜಾಗದಲ್ಲಿ ನಾನು ಕಿತ್ತಳೆ ಹಣ್ಣು ಕಿತ್ತು ತಿಂದಿದೀನಿ ಕಣಮ್ಮ."

ಹೆಸರು ಹಾಕಬೇಡ ಎಂದು ಕಟ್ಟಪ್ಪಣೆ ಮಾಡಿದ್ದಾರೆ, ಹಾಗಾಗಿ ಅಂಕಲ್ ಅಂತಲೇ ಕರೆಯುತ್ತೇನೆ. ಮದ್ದೂರು ಕಡೆಯವರು. ಎಪ್ಪತ್ತರ ದಶಕದಲ್ಲಿ ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದವರು. ಶನಿವಾರ ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ಒಂದು ಹಳೇ ಫೋಟೋ ಕೈಗಿಟ್ಟರು. ಆಂಟಿ ರೇಷ್ಮೆ ಸೀರೆ ಉಟ್ಟು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತಿದ್ದಾರೆ. ಹಿಂದೆ ಸಾಲು ಸಾಲು ಕಿತ್ತಳೆ ಗಿಡ. ಅದರ ಹಿಂದೆ ಗೋಡೆ ಕಟ್ಟಿದ ಹಾಗೆ ನೀಲಗಿರಿ ಮರಗಳು. ಒಂದು ಮನೆಯೂ ಇಲ್ಲ. ಆ ಮರಗಳನ್ನು ನೋಡಿದ ಕೂಡಲೇ ಗುರುತು ಹಿಡಿದೆ. ದಿನಾ ಸಂಜೆ ನಾನು ವಾಕಿಂಗ್ ಹೋಗುವುದು ಅದೇ ನಾರ್ತ್‌ವುಡ್ ಬಡಾವಣೆಯ ನೀಲಗಿರಿ ಸಾಲಿನ ಕೆಳಗೆ. ನೆರಳಿಗೆ ನೆಟ್ಟಿದ್ದಾರೆ ಎಂದುಕೊಂಡಿದ್ದೆ. ಅಲ್ಲವಂತೆ. ಮರುಭೂಮಿ ಕಡೆಯಿಂದ ಬೀಸುವ ಸಾಂಟಾ ಆನಾ ಗಾಳಿಗೆ ಕಿತ್ತಳೆ ಉದುರದಿರಲಿ ಅಂತ ಹಾಕಿದ ಬೇಲಿ ಅದು. ತೋಟ ಹೋಯಿತು, ಬೇಲಿ ಉಳಿಯಿತು.

ಅವತ್ತಿನಿಂದ ಓದುತ್ತಾ, ಕೇಳುತ್ತಾ ಇದ್ದೇನೆ. ನಮ್ಮೂರು ಯಾಕೆ ಸ್ಕೇಲ್ ಇಟ್ಟು ಗೀಟು ಹಾಕಿದ ಹಾಗಿದೆ ಅಂತ ಈಗ ಗೊತ್ತಾಯಿತು. ಇದು ಊರಾಗಿ ಬೆಳೆದ ಊರಲ್ಲ. ನೂರು ವರ್ಷಕ್ಕೂ ಜಾಸ್ತಿ ಕಾಲ ಒಂದೇ ಮನೆತನದ ಕೈಯಲ್ಲಿದ್ದ ಜಮೀನು, ಇಲ್ಲಿನವರ ಮಾತಲ್ಲಿ ರಾಂಚ್.

ರಾಂಚ್ ಅನ್ನುವುದಕ್ಕೆ ನಮ್ಮಲ್ಲಿ ಹತ್ತಿರದ ಮಾತು ಕಾವಲು. ಮೈಸೂರು ಅರಸರ ಅಮೃತ ಮಹಲ್ ದನ ಮೇಯಲು ಬಿಟ್ಟಿದ್ದ ಹುಲ್ಲುಗಾವಲು. ಬೆಂಗಳೂರಿನಲ್ಲಿ ಉತ್ತರಹಳ್ಳಿ ಮನವರ್ತೆ ಕಾವಲ್ ಅಂತ ಇದೆಯಲ್ಲ, ಎಲ್ಲರೂ ಯು.ಎಂ. ಕಾವಲ್ ಅನ್ನುತ್ತಾರೆ. ಅಲ್ಲಿ ಸೈಟು ತೆಗೆದುಕೊಂಡ ಎಷ್ಟು ಜನ ಆ "ಕಾವಲ್" ಏನೆಂದು ಕೇಳಿದ್ದಾರೋ! ನಾನೂ ಕೇಳಿದವಳಲ್ಲ.

ಇಲ್ಲಿನ ಮೊದಲ ಒಡೆಯರು ಟೋಂಗ್ವಾ ಮತ್ತು ಅಹಾಶ್ಮೆನ್ ಜನ. ಸ್ಪೇನಿನವರು 1776ರಲ್ಲಿ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೋದಲ್ಲಿ ಕ್ರೈಸ್ತ ಪಾದ್ರಿಗಳ ಮಿಷನ್ ಕಟ್ಟಿದ ಮೇಲೆ ಆ ಜನರ ನೆಲವೂ ಹೋಯಿತು, ಊರುಗಳೂ ಹೋದವು. ಮೆಕ್ಸಿಕೋ ಸ್ವತಂತ್ರವಾದ ನಂತರ ಮಿಷನ್‌ಗಳ ಜಮೀನನ್ನು ದೊಡ್ಡ ದೊಡ್ಡ ರಾಂಚೋಗಳಾಗಿ ಹಂಚಿದರು. ನಮ್ಮ ಭಾಗ ಹೊಸೆ ಸೆಪುಲ್ವೆಡಾ ಎಂಬವನಿಗೆ ಸಿಕ್ಕಿತು. ಅದರಲ್ಲಿ ಒಂದು ತುಂಡಿನ ಸ್ಪ್ಯಾನಿಷ್ ಹೆಸರಿಗೆ "ಕಪ್ಪೆಗಳ ಜೌಗು" ಎಂದು ಅರ್ಥ. ಮಿಲಿಯನ್ ಡಾಲರ್ ಕೊಟ್ಟು ಮನೆ ಕೊಂಡವರು ಇದನ್ನು ಯಾರಿಗೂ ಹೇಳಬೇಡಿ.

ಸೆಪುಲ್ವೆಡಾ ದರ್ಬಾರಿನ ಆಸಾಮಿ. ಕುದುರೆ ಅಂದರೆ ಪ್ರಾಣ. 1852ರಲ್ಲಿ ಮೆಕ್ಸಿಕೋ ಕಾಲದ ಕೊನೆಯ ಗವರ್ನರ್ ಆಗಿದ್ದ ಪಿಯೋ ಪಿಕೋನ ಕುದುರೆ ವಿರುದ್ಧ ಲಾಸ್ ಏಂಜಲಿಸ್‌ನಲ್ಲಿ ಒಂಬತ್ತು ಮೈಲಿ ಪಂದ್ಯ ಕಟ್ಟಿದ. ಇವನ ಕಡೆ ಬ್ಲ್ಯಾಕ್ ಸ್ವಾನ್ ಎಂಬ ಆಸ್ಟ್ರೇಲಿಯಾದ ಹೆಣ್ಣು ಕುದುರೆ. ಹಣದ ಜೊತೆಗೆ ನೂರಾರು ಕುದುರೆ, ದನ, ಕುರಿಗಳನ್ನೂ ಪಣಕ್ಕಿಟ್ಟಿದ್ದರು. ಬ್ಲ್ಯಾಕ್ ಸ್ವಾನ್ ಗೆದ್ದಿತು. ಆದರೆ ಗೆದ್ದವನ ಕೈಯಲ್ಲಿ ಜಮೀನು ಹನ್ನೆರಡೇ ವರ್ಷ ಉಳಿದದ್ದು. ಕ್ಯಾಲಿಫೋರ್ನಿಯಾ ಅಮೆರಿಕದ ಕೈಗೆ ಬಂದಮೇಲೆ ಎಲ್ಲ ರಾಂಚೋದವರೂ ತಮ್ಮ ಹಕ್ಕುಪತ್ರ ರುಜುವಾತು ಮಾಡಬೇಕು ಅಂತ 1851ರಲ್ಲಿ ಕಾನೂನು ಬಂತು. ವರ್ಷಗಟ್ಟಲೆ ಕೋರ್ಟು, ವಕೀಲರ ಫೀಸು, ಅದಕ್ಕೆ ಸಾಲ, ಸಾಲಕ್ಕೆ ಬಡ್ಡಿ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕೇಳಿದ ಕಥೆ ಅಲ್ವಾ ಇದು? ಅದರ ಮೇಲೆ 1862ರಿಂದ 64ರವರೆಗೆ ಬರಗಾಲ. ದನಗಳು ಸಾವಿರಗಟ್ಟಲೆ ಸತ್ತವು.

ಕಾದು ಕುಳಿತವರಿದ್ದರು. ಜೇಮ್ಸ್ ಅರ್ವೈನ್ ಐರ್ಲೆಂಡಿನಿಂದ ಬಂದವನು. ಚಿನ್ನದ ಹುಚ್ಚಿನ ಕಾಲದಲ್ಲಿ ಕ್ಯಾಲಿಫೋರ್ನಿಯಾ ಸೇರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಮಾಡಿ ದುಡ್ಡು ಮಾಡಿದ್ದ. ಅವನೂ, ಕುರಿ ಸಾಕುತ್ತಿದ್ದ ಫ್ಲಿಂಟ್ ಮತ್ತು ಬಿಕ್ಸ್‌ಬಿ ಎಂಬ ಪಾಲುದಾರರೂ ಸೇರಿ 1864ರಲ್ಲಿ ಸೆಪುಲ್ವೆಡಾನ 48 ಸಾವಿರಕ್ಕೂ ಹೆಚ್ಚು ಎಕರೆಯನ್ನು 18 ಸಾವಿರ ಡಾಲರ್‌ಗೆ ಕೊಂಡರು. ಎಕರೆಗೆ ಅರ್ಧ ಡಾಲರೂ ಬೀಳಲಿಲ್ಲ. ಅಂತರ್ಯುದ್ಧದಿಂದ ಹತ್ತಿಗೆ ತೊಂದರೆಯಾಗಿ ಉಣ್ಣೆಗೆ ಬೆಲೆ ಬಂದಿದ್ದ ಕಾಲ. ದನ ಮೇಯುತ್ತಿದ್ದಲ್ಲಿ ಕುರಿ ಮೇಯಿಸಿದರು. ಅಕ್ಕಪಕ್ಕದ ರಾಂಚೋಗಳನ್ನೂ ಸೇರಿಸಿಕೊಂಡರು. 1876ರಲ್ಲಿ ಅರ್ವೈನ್ ಒಂದೂವರೆ ಲಕ್ಷ ಡಾಲರ್ ಕೊಟ್ಟು ಪಾಲುದಾರರನ್ನು ಬಿಡಿಸಿಕೊಂಡ. ಸಮುದ್ರದ ದಂಡೆಯಿಂದ ಸಾಂಟಾ ಆನಾ ನದಿಯವರೆಗೆ ಇಪ್ಪತ್ತು ಮೈಲಿಗೂ ಉದ್ದ, ಲಕ್ಷಕ್ಕೂ ಮಿಕ್ಕಿ ಎಕರೆ, ಒಬ್ಬನದೇ.

ಅದನ್ನು ಕೃಷಿಗೆ ತಂದವನು ಮಗ, ಎರಡನೇ ಜೇಮ್ಸ್ ಅರ್ವೈನ್. 1894ರಲ್ಲಿ ಅರ್ವೈನ್ ಕಂಪನಿ ಮಾಡಿದ. ಬಾರ್ಲಿ, ಕಿತ್ತಳೆ, ಎಲ್ಲಕ್ಕಿಂತ ಮುಖ್ಯವಾಗಿ ಲೈಮಾ ಬೀನ್ಸ್. ಸಮುದ್ರದಿಂದ ಬರುವ ಮಂಜಿನ ತೇವವೇ ಅದಕ್ಕೆ ಸಾಕು, ನೀರು ಹಾಯಿಸಬೇಕಿಲ್ಲ. ಜಗತ್ತಿನಲ್ಲೇ ಅತಿ ದೊಡ್ಡ ಲೈಮಾ ಬೀನ್ಸ್ ಹೊಲ ಇದೇ ಎನ್ನುತ್ತಿದ್ದರು.

ಲೈಮಾ ಬೀನ್ಸ್ ಅಂದರೆ ಏನೋ ಎಂದುಕೊಳ್ಳಬೇಡಿ. ಅದು ನಮ್ಮ ಡಬಲ್ ಬೀನ್ಸ್! ಗಾಂಧಿಬಜಾರಿನಲ್ಲಿ ಸುಲಿದು ಗುಡ್ಡೆ ಹಾಕಿ ಸೇರಿನಲ್ಲಿ ಅಳೆದು ಕೊಡುತ್ತಾರಲ್ಲ, ಪೂರಿ ಸಾಗುವಿಗೆ ಹಾಕುತ್ತೇವಲ್ಲ, ಅದೇ. ಇಷ್ಟು ವರ್ಷ ಇಂಡಿಯನ್ ಅಂಗಡಿಯ ಫ್ರೀಜರ್‌ನಲ್ಲಿ ಹುಡುಕಿ ತರುತ್ತಿದ್ದೆ. ಸ್ಯಾಂಡ್ ಕ್ಯಾನ್ಯನ್ ರಸ್ತೆಯಲ್ಲಿ, ಫ್ರೀವೇ ಪಕ್ಕ, ಹಳೇ ಬೀನ್ಸ್ ಗೋದಾಮು ಈಗಲೂ ನಿಂತಿದೆ. ಕಾಳು ತುಂಬುತ್ತಿದ್ದ ಎತ್ತರದ ಕಣಜಗಳಲ್ಲೇ ಹೋಟೆಲ್ ರೂಮು ಮಾಡಿದ್ದರು. ಊರಿಂದ ಬಂದ ನೆಂಟರನ್ನು ಒಮ್ಮೆ ಅಲ್ಲೇ ಇಳಿಸಿದ್ದೆವು. "ರೂಮು ಯಾಕೆ ಹಿಂಗೆ ಮೂಲೆ ಮೂಲೆ" ಅಂತ ಅವರು ಕೇಳಿದ್ದಕ್ಕೆ ನಾನು ಡಿಸೈನು ಅಂದಿದ್ದೆ!

ಆ ಗೋದಾಮಿನ ಸುತ್ತಲೇ ಮೊದಲ ಅರ್ವೈನ್ ಇದ್ದದ್ದು. ಅದಕ್ಕೆ ಆ ಹೆಸರೂ ತಕ್ಷಣ ಸಿಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಇನ್ನೊಂದು ಅರ್ವೈನ್ ಪೋಸ್ಟ್ ಆಫೀಸ್ ಇತ್ತು. ಹಾಗಾಗಿ ಧಣಿಯ ಮಗನ ಹೆಸರು, ಮೈಫೋರ್ಡ್, ಅಂತ ಇಟ್ಟರು. 1914ರಲ್ಲಿ ಅರ್ವೈನ್ ಆಯಿತು. ಮೈಫೋರ್ಡ್ ರೋಡ್‌ನಲ್ಲಿ ಕ್ಲಾಸಿಗೆ ಮಕ್ಕಳನ್ನು ಬಿಡುವವರಿಗೆ ಈ ಸುದ್ದಿ.

ಯುದ್ಧ ಬಂದಾಗ ಬೀನ್ಸ್ ಹೊಲದ ಮೇಲೆ 1942ರಲ್ಲಿ ಎಲ್ ಟೋರೋ ವಿಮಾನ ನೆಲೆ ಬಂತು. ಪಕ್ಕದ ಟಸ್ಟಿನ್‌ನಲ್ಲಿ ಗಾಳಿಹಡಗುಗಳಿಗೆ ಎರಡು ಹ್ಯಾಂಗರ್, ಅಂದರೆ ಅವನ್ನು ನಿಲ್ಲಿಸುವ ದೊಡ್ಡ ಶೆಡ್ಡು, ಎದ್ದವು. ಉಕ್ಕಿಗೆ ಬರವಿದ್ದ ಕಾಲ, ಎರಡನ್ನೂ ಮರದಲ್ಲೇ ಕಟ್ಟಿದರು, ಹದಿನೇಳು ಮಹಡಿ ಎತ್ತರಕ್ಕೆ. ಅದರಲ್ಲೊಂದು 2023ರ ನವೆಂಬರ್‌ನಲ್ಲಿ ಸುಟ್ಟುಹೋಗಿದ್ದು ನಿಮಗೆಲ್ಲ ನೆನಪಿರಬೇಕು. ದೀಪಾವಳಿಗೆ ನಾಲ್ಕೈದು ದಿನ ಇತ್ತು. ಆಸ್ಬೆಸ್ಟಾಸ್ ಚೂರು ಹಾರಿ ಬೀಳುತ್ತಿದೆ ಅಂತ ಸ್ಕೂಲು ಮುಚ್ಚಿದರು. ಆ ಸಲ ನಾವು ಹೊಸಿಲ ಹೊರಗೆ ರಂಗೋಲಿ ಹಾಕಲಿಲ್ಲ. ಎಲ್ ಟೋರೋ 1999ರಲ್ಲಿ ಮುಚ್ಚಿತು. ಅಲ್ಲಿ ದೊಡ್ಡ ಏರ್‌ಪೋರ್ಟ್ ಬೇಕೋ ಬೇಡವೋ ಅಂತ ವರ್ಷಗಟ್ಟಲೆ ಜಗಳ ನಡೆದು, 2002ರಲ್ಲಿ ಜನ ಪಾರ್ಕಿಗೆ ಓಟು ಹಾಕಿದರು. ಅದೇ ಗ್ರೇಟ್ ಪಾರ್ಕ್.

ಊರು ಆದದ್ದು ಯೂನಿವರ್ಸಿಟಿಯ ದೆಸೆಯಿಂದ. ಹೊಸ ಕ್ಯಾಂಪಸ್‌ಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಜಾಗ ಹುಡುಕುತ್ತಿತ್ತು. ಆರ್ಕಿಟೆಕ್ಟ್ ವಿಲಿಯಂ ಪೆರೇರಾ ಈ ರಾಂಚ್ ತೋರಿಸಿದರು. ಮನೆತನದ ಮೊಮ್ಮಗಳು ಜೋನ್ ಅರ್ವೈನ್ ಸ್ಮಿತ್ ಪಟ್ಟು ಹಿಡಿದರು. ಸಾವಿರ ಎಕರೆಯನ್ನು ಕಂಪನಿ ಒಂದು ಡಾಲರ್‌ಗೆ ಕೊಟ್ಟಿತು. ದಾನ ಅಂತ ಹೊಗಳುವವರು ಸುತ್ತಮುತ್ತಲಿನ ಜಮೀನು ಯಾರದಿತ್ತು ಅಂತಲೂ ನೋಡಬೇಕು! 1965ರಲ್ಲಿ ಪಾಠ ಶುರುವಾಯಿತು. ಕ್ಯಾಂಪಸ್ ಸುತ್ತ 50 ಸಾವಿರ ಜನರ ಊರು ಅಂತ ಪೆರೇರಾ ಲೆಕ್ಕ ಹಾಕಿದ್ದರು. 1971ರ ಡಿಸೆಂಬರ್ 28ಕ್ಕೆ ಅದು ನಗರವಾಯಿತು. 2020ರ ಜನಗಣತಿಯಲ್ಲಿ 3 ಲಕ್ಷ 7 ಸಾವಿರ ಮಂದಿ.

ಒಬ್ಬನೇ ಒಡೆಯ ಇದ್ದರೆ ಏನಾಗುತ್ತದೆ ಎಂದರೆ ಇದೇ. ರಸ್ತೆ ಮೊದಲು, ಮನೆ ಆಮೇಲೆ. ಊರನ್ನು "ವಿಲೇಜ್" ಅಂತ ತುಂಡು ಮಾಡಿ, ಪ್ರತಿ ತುಂಡಿಗೂ ಸ್ಕೂಲು, ಪಾರ್ಕು, ಅಂಗಡಿ. ವುಡ್‌ಬ್ರಿಜ್‌ನಲ್ಲಿ ಎರಡು ಕೆರೆ ತೋಡಿ ಅದರ ಸುತ್ತ ಮನೆ. ಬಳಸಿದ ನೀರನ್ನು ಶುದ್ಧ ಮಾಡಿ ಬೇರೆ ಪೈಪಿನಲ್ಲಿ ಗಿಡಗಳಿಗೆ ಬಿಡುವ ಪದ್ಧತಿಯೂ ಇಲ್ಲಿ 1960ರ ದಶಕದಷ್ಟು ಹಳೆಯದು. ಗುಡ್ಡಗಳನ್ನು ಹಾಗೇ ಬಿಟ್ಟಿದ್ದಾರೆ, ಅದಕ್ಕೆ ಮಾತ್ರ ನಾನು ಮನಸಾರೆ ಕೈ ಮುಗಿಯುತ್ತೇನೆ. ಉಳಿದದ್ದರ ಬಗ್ಗೆ ನನಗೆ ಎರಡು ಮನಸ್ಸು. ಗ್ಯಾರೇಜ್ ಬಾಗಿಲಿಗೆ ಒಂದಿಷ್ಟು ಗಾಢ ಬಣ್ಣ ಹೊಡೆಸಿದ್ದಕ್ಕೆ ನಮ್ಮ ಕಡೆಯ ಮನೆ ಮಾಲೀಕರ ಸಂಘ ನೋಟಿಸ್ ಕಳಿಸಿತ್ತು. ಅವರು ಒಪ್ಪಿದ ಬಣ್ಣಗಳ ಪಟ್ಟಿ ಜೊತೆಗೇ ಇತ್ತು. ಮರಳು, ಓಟ್ಸ್, ಬಾದಾಮಿ, ಒಣಹುಲ್ಲು. ನನ್ನ ಕಣ್ಣಿಗೆ ನಾಲ್ಕೂ ಒಂದೇ.

ಇದನ್ನು ಹೇಳಿ ಗೊಣಗಿದಾಗ ಅಂಕಲ್ ನಕ್ಕರು. ಆಮೇಲೆ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಅವರ ಅಪ್ಪ ಗೇಣಿ ರೈತರು. 1974ರಲ್ಲಿ ಕರ್ನಾಟಕದ ಹೊಸ ಭೂಸುಧಾರಣೆ ಕಾನೂನು ಜಾರಿಯಾದಾಗ ಡಿಕ್ಲರೇಷನ್ ಹಾಕಿ, ಟ್ರಿಬ್ಯೂನಲ್ ಮುಂದೆ ನಿಂತು, ಎರಡು ಎಕರೆ ಹತ್ತು ಗುಂಟೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆ ಸುದ್ದಿಯ ಏರೋಗ್ರಾಮ್ ಕಾಗದ ಅಂಕಲ್ ಕೈಗೆ ಬಂದದ್ದು ಇಲ್ಲಿನ ಹಾಸ್ಟೆಲ್‌ನಲ್ಲಿ. "ಅಪ್ಪ ಬರ್ದಿದ್ರು, ಉಳುವವನೇ ಒಡೆಯ ಆದ ಕಣೋ ಅಂತ. ಓದ್ತಾ ಕಿಟಕಿಯಿಂದ ಹೊರಗೆ ನೋಡಿದೆ. ಕಣ್ಣಿಗೆ ಕಾಣೋಷ್ಟು ದೂರನೂ ಒಂದೇ ಕಂಪನಿದು." ಮುಂದೆ ಮನೆ ಕೊಳ್ಳಲು ಹೋದಾಗ ಇನ್ನೂ ಆಶ್ಚರ್ಯವಾಯಿತಂತೆ. ಆಗ ಇಲ್ಲಿ ಎಷ್ಟೋ ಮನೆಗಳಿಗೆ ಗೋಡೆ ಮಾತ್ರ ನಿಮ್ಮದು, ನೆಲ ಕಂಪನಿಯದು, ನೆಲಕ್ಕೆ ಬಾಡಿಗೆ. ಬಾಡಿಗೆ ಏರಿಸಲು ಹೊರಟಾಗ ಜನ ಬೀದಿಗಿಳಿದರು. "ಅಪ್ಪನಿಗೆ ಏನಂತ ಬರೀಲಿ ಹೇಳು? ನಿಮ್ಮ ಗೇಣಿ ತಪ್ತು, ನನ್ನದು ಶುರುವಾಯ್ತು ಅಂತಲಾ?" ಅವರು ಬರೆಯಲಿಲ್ಲ. ನೆಲವೂ ಸಿಗುವಂಥ ಮನೆ ಸಿಗುವವರೆಗೆ ಅಪಾರ್ಟ್‌ಮೆಂಟಿನಲ್ಲೇ ಇದ್ದರು.

ಕಂಪನಿಯನ್ನು 1977ರಲ್ಲಿ 33 ಕೋಟಿ 70 ಲಕ್ಷ ಡಾಲರ್ ಚಿಲ್ಲರೆಗೆ ಒಂದು ಗುಂಪು ಕೊಂಡಿತು. 1983ರಲ್ಲಿ ಅದರಲ್ಲೊಬ್ಬರಾದ ಡೊನಾಲ್ಡ್ ಬ್ರೆನ್ ಕೈಗೆ ಹಿಡಿತ ಬಂತು. ಅಲ್ಲಿಂದ ಮುಂದಿನದು ನೀವೇ ನೋಡುತ್ತಿದ್ದೀರಿ.

ಈ ಸಲದ ಪಿಕ್ನಿಕ್ ಬಾಮರ್ ಕ್ಯಾನ್ಯನ್‌ನಲ್ಲಿ. ರಾಂಚ್‌ನ ದನಗಳನ್ನು ಒಟ್ಟುಮಾಡುತ್ತಿದ್ದ ಜಾಗ, ಹಳೇ ಕ್ಯಾಟಲ್ ಕ್ಯಾಂಪ್. ನೆರಳು ಕಡಿಮೆ, ಟೋಪಿ ತನ್ನಿ. ಅಂಕಲ್ ಆ ಫೋಟೋ ತರುತ್ತಾರೆ. ಆಂಟಿ ಡಬಲ್ ಬೀನ್ಸ್ ಹುಳಿ ಮಾಡಿಕೊಂಡು ಬರುತ್ತೇನೆ ಎಂದಿದ್ದಾರೆ, ಅನ್ನ ತರುವವರು ಬೇಕು. ಹೆಸರು ಕೊಡಲು ಕೊನೆಯ ಪುಟ ನೋಡಿ.